ಪೂಜೆಯಾದ ಡಬ್ಬಿ

ಎಪ್ಪತ್ತರ ದಶಕದ ಮಾತು, ನಾನಾಗ ಕಾರು ಮೆಕ್ಯಾನಿಕ್. ಹೊಳಲ್ಕೆರೆಯ ಅಡಿಕೆ ಸಾಹುಕಾರರೊಬ್ಬರಿಗೆ ಚಿತ್ರದುರ್ಗದ ದಾರೀಲಿ ತಮ್ಮ ಕಾರೇ ಎಲ್ಲರಿಗಿಂತ ಮುಂದಿರಬೇಕೆಂಬ ಹುಚ್ಚು. ಎಂಜಿನ್ನಿಗೆ ಕಿಡಿ ಕೊಡುವ ಹಳೇ ಪಾಯಿಂಟಿನ ಬದಲು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಡಬ್ಬಿಯೊಂದನ್ನು ಬೆಂಗಳೂರಿನಿಂದ ತಂದು ಕೂರಿಸಿದೆ. ಬೆಳಗಿನಿಂದ ಕಿಡಿಯ ಟೈಮಿಂಗ್ ತಿದ್ದಿ ತಿದ್ದಿ, ಮಧ್ಯಾಹ್ನಕ್ಕೆ ಎಂಜಿನ್ನು ಬೆಣ್ಣೆಯಂತೆ ತಿರುಗಿತು.

ಕೈ ತೊಳೆದು ಬರುವಷ್ಟರಲ್ಲಿ ಸಾಹುಕಾರರು ಡಬ್ಬಿಗೆ ಕುಂಕುಮ ಹಚ್ಚಿ, ಭಕ್ತಿ ಹೆಚ್ಚಾಗಿ ಅದರ ನೆತ್ತಿಯ ಮೇಲೇ ತೆಂಗಿನಕಾಯಿ ಒಡೆದಿದ್ದರು. ನೀರೆಲ್ಲ ಒಳಗಿಳಿದು ಡಬ್ಬಿ ಸತ್ತೇ ಹೋಯಿತು.

ವಿಧಿಯಿಲ್ಲದೆ ಡಬ್ಬಿಯ ವೈರು ಬಿಡಿಸಿ ಹಳೇ ಪಾಯಿಂಟನ್ನೇ ಜೋಡಿಸಿದೆ. ಕಾರು ಚೆನ್ನಾಗಿಯೇ ಸ್ಟಾರ್ಟಾಯಿತು.

"ಡಬ್ಬಿ ಕೆಟ್ಟೈತೆ, ಬಿಚ್ಚಿಬಿಡ್ತೀನಿ ಸಾಹುಕಾರ್ರೆ" ಅಂದೆ.

"ಪೂಜೆ ಆಗೈತೆ, ಮುಟ್ಟಬೇಡ್ರಿ" ಅಂದರು. ಆಮೇಲೆ ಊರೆಲ್ಲ ಅವರದು ಒಂದೇ ಮಾತು: "ಡಬ್ಬಿ ಹಾಕಿಸಿದ ಮೇಲೆ ಗಾಡಿ ಹಾರ್ತೈತೆ!"

ಮರುವಾರ ಅಡಿಕೆ ಮಂಡಿಯ ಇನ್ನೊಬ್ಬ ವ್ಯಾಪಾರಿ ಅಂಥದೇ ಡಬ್ಬಿ ಹಾಕಿಸಿಕೊಂಡರು. ಈ ಸಲ ನಾನು ಮೊದಲೇ ಕೈಮುಗಿದೆ: "ದಯವಿಟ್ಟು ಇದರ ಮೇಲೆ ಕಾಯಿ ಒಡೀಬೇಡ್ರಿ."

ಅವರ ಮುಖ ಗಂಟಾಯಿತು.

"ಅಲ್ರೀ, ಸಾಹುಕಾರ್ರ ಗಾಡಿ ಹಾರೋಕೆ ಶುರುವಾಗಿದ್ದೇ ಕಾಯಿ ಒಡೆದ ಮೇಲೆ. ನಮ್ಮದು ಮಾತ್ರ ತೆವಳ್ಕಂಡು ಹೋಗ್ಲಿ ಅಂತೀರಾ?"