ಅಜ್ಜಿಯನ್ನು ಬ್ಯಾನ್ ಮಾಡಿದ ಭಾನುವಾರ

ಮೊನ್ನೆ ಒಂದು ಭಾನುವಾರ ಶ್ರೀರಂಗಪಟ್ಟಣದಲ್ಲಿ ಒಬ್ಬ ಅಜ್ಜಿಯನ್ನು ಬ್ಯಾನ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಗೆ ನಾನು ಅಧ್ಯಕ್ಷನಾಗಿದ್ದೆ.

ಗಾಬರಿಯಾಗಬೇಡಿ. ಅಜ್ಜಿ ಇರುವುದು ಮೊಬೈಲಿನೊಳಗೆ. ಇಬ್ಬರು ಎದುರುಬದುರು ಕೂತು, ತಮಗೆ ಬೇಕಾದ ಕ್ಯಾರೆಕ್ಟರನ್ನು ಆರಿಸಿಕೊಂಡು ಹೊಡೆದಾಡಿಸುವ ಫೈಟಿಂಗ್ ಗೇಮ್ ಅದು. ಪೈಲ್ವಾನರಿದ್ದಾರೆ, ಕತ್ತಿ ಹಿಡಿದ ಹುಡುಗಿಯರಿದ್ದಾರೆ, ಬೆಂಕಿ ಉಗುಳುವ ಹುಲಿಯಿದೆ. ಇವರ ನಡುವೆ ಊರುಗೋಲು ಹಿಡಿದ, ಬೆನ್ನು ಬಾಗಿದ ಒಬ್ಬ ಮುದುಕಿ. ಅವಳಿಗೇನೋ ವಿದೇಶಿ ಹೆಸರಿದೆಯಂತೆ. ನಮ್ಮ ಕಡೆಯವರ ಬಾಯಲ್ಲಿ ಅವಳು ಅಜ್ಜಿ, ಅಷ್ಟೆ.

ಈಚಿನ ಅಪ್‌ಡೇಟ್‌ನಲ್ಲಿ ಕಂಪೆನಿಯವರು ಅವಳಿಗೆ ಅದೇನು ಶಕ್ತಿ ತುಂಬಿದರೋ! ನಿಂತ ಜಾಗದಿಂದ ಕದಲದೆ ಕೋಲು ಎಸೆಯುತ್ತಾಳೆ. ಅದು ಎದುರಾಳಿಗೆ ಬಡಿದು ವಾಪಸ್ ಅವಳ ಕೈಗೇ ಬರುತ್ತದೆ. ಹುಲಿಯೂ ಹತ್ತಿರ ಸುಳಿಯುವಂತಿಲ್ಲ.

ನನ್ನನ್ನು ಕರೆದವನು ಟೂರ್ನಮೆಂಟ್ ನಡೆಸುವ ಚೇತನ, ಬಾಬುರಾಯನಕೊಪ್ಪಲಿನವನು. "ನಿಮ್ಗೆ ಗೇಮ್ ಬಗ್ಗೆ ಏನೂ ಗೊತ್ತಿಲ್ವಲ್ಲ ಸಾರ್, ಅದ್ಕೇ ನೀವೇ ಸರಿ" ಎಂದ. (ನನ್ನ ಅಜ್ಞಾನಕ್ಕೆ ಸಿಕ್ಕ ಮೊದಲ ಗೌರವ.)

ಸಭೆಗೆ ಮುಂಚೆ, ಹಾಲ್‌ನ ಕೆಳಗಿದ್ದ ಬೇಕರಿಯಲ್ಲಿ ಟೀ ಕುಡಿಯುವಾಗ ಕುಮಾರ ಸಿಕ್ಕ. ನಾಗಮಂಗಲದ ಅಕ್ಕಸಾಲಿಗರ ಮನೆಯವನು, ಮೂವತ್ತರ ಆಸುಪಾಸು. (ಹೆಸರು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆಯಿದೆ.) ಅಜ್ಜಿಯನ್ನು ಆಡಿಸಿ ಎಲ್ಲರನ್ನೂ ಸೋಲಿಸುತ್ತಿದ್ದವನು ಇವನೇ. ಜೊತೆಗೆ ಬೂಕನಕೆರೆಯ ಗೆಳೆಯ ಸ್ವಾಮಿ ಇದ್ದ. ಬನ್ನಿನ ಪ್ಯಾಕೆಟ್ ಹರಿದುಕೊಟ್ಟವನು ಸ್ವಾಮಿ. ಕುಮಾರನ ಬಲಗೈಯಲ್ಲಿ ಟೀ, ಎಡಗೈ ಜೇಬಿನಲ್ಲಿ. ನಾನು ಅದನ್ನೇ ನೋಡುತ್ತಿರುವುದು ಅವನಿಗೆ ಗೊತ್ತಾಯಿತು.

"ಬೈಕಿಂದ ಬಿದ್ದೆ ಸಾರ್. ನರ ಕಿತ್ತೋಯ್ತು. ಬೆರಳು ಮಾತು ಕೇಳಾಕಿಲ್ಲ."

ಆಮೇಲೆ ತಾನೇ ಬಿಡಿಸಿ ಹೇಳಿದ. ಈ ಆಟದಲ್ಲಿ ಎಡ ಹೆಬ್ಬೆರಳು ಓಡಿಸಬೇಕು, ಬಲ ಹೆಬ್ಬೆರಳು ಹೊಡೆಸಬೇಕು. ಅಜ್ಜಿ ಓಡಬೇಕಿಲ್ಲ. ಅವಳಿಗೆ ಒಂದೇ ಕೈ ಸಾಕು. ಫೋನನ್ನು ಮೇಜಿನ ಮೇಲಿಟ್ಟು ಆಡುತ್ತಿದ್ದ. ಕೋಲಿನ ಏಟು ತಪ್ಪಿಸಿಕೊಳ್ಳುವ ಭರದಲ್ಲಿ ಅವನ ಕೈ ನೋಡಲು ಯಾರಿಗೆ ಪುರುಸೊತ್ತು?

"ಮೀಟಿಂಗಲ್ಲಿ ಈ ವಿಷ್ಯ ಎತ್ಬೇಡಿ ಸಾರ್. ಇಲ್ಲಿ ಸ್ವಾಮಿ ಒಬ್ಬಂಗೇ ಗೊತ್ತಿರಾದು. ಪಾಪ ಅಂತ ಬುಟ್ಕೊಟ್ರೆ ನಾನು ಆಡಾಕಿಲ್ಲ" ಎಂದ.

ಮಾತು ಕೊಟ್ಟೆ.

ಸಭೆ ಜೋರಾಗಿತ್ತು. ಪಾಂಡವಪುರದ ಒಬ್ಬ ಎದ್ದು ನಿಂತ. "ನಾವು ದಿನಾ ಪ್ರಾಕ್ಟೀಸ್ ಮಾಡಿ ಬತ್ತೀವಿ. ಇಲ್ಲಿ ನೋಡುದ್ರೆ ಒಂದು ಮುದ್ಕಿ ನಿಂತ್ಕಂಡೇ ಎಲ್ಲಾರ್ನೂ ಚಚ್ಚಾಕ್ತಾಳೆ. ಇದೊಂದು ಆಟನಾ?"

"ಕಂಪೆನಿನೇ ಕೊಟ್ಟದೆ ಕಣ್ಲಾ! ಉರಿ ಇದ್ರೆ ನೀನೂ ಅವಳ್ನೇ ತಗಾ" ಎಂದ ಸ್ವಾಮಿ.

"ಎಲ್ರೂ ಅಜ್ಜಿನೇ ತಗಂಡ್ರೆ ಇದು ಟೂರ್ನಮೆಂಟಾ, ವೃದ್ಧಾಶ್ರಮನಾ?" ಎಂದು ಇನ್ನೊಬ್ಬ ಕೇಳಿದ. ಹಾಲ್ ಪೂರ್ತಿ ನಕ್ಕಿತು. ಕುಮಾರನೂ ನಕ್ಕ. ನಾನೂ ನಕ್ಕೆ.

ನಿಜ ಹೇಳಬೇಕೆಂದರೆ, ಬ್ಯಾನ್ ಕೇಳುತ್ತಿದ್ದವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ಪಂದ್ಯಗಳ ವಿಡಿಯೋ ತೋರಿಸಿದರು. ಕೋಲು ಹೋಗುತ್ತದೆ, ಬರುತ್ತದೆ, ಹೋಗುತ್ತದೆ, ಬರುತ್ತದೆ. ನೋಡುವವರಿಗೆ ಆಕಳಿಕೆ. ಆಡುವವರಿಗೆ ಅವಮಾನ. ಯಾರ ಮೇಲೆ ಸಿಟ್ಟಾಗಲಿ ಹೇಳಿ?

ಆಗ ಪಾಂಡವಪುರದವನು ನೇರವಾಗಿ ಕುಮಾರನ ಕಡೆ ತಿರುಗಿದ. "ಬೇಜಾರಾಗ್ಬೇಡ ಕಣಣ್ಣ. ಗೆದ್ದಿದ್ದು ನೀನಲ್ಲ, ಅಜ್ಜಿ."

ಕುಮಾರನ ನಗು ಅಲ್ಲೇ ನಿಂತಿತು. "ಲೇ, ನಿಮ್ಗೇನ್ಲಾ ಗೊತ್ತು..." ಎಂದು ಸ್ವಾಮಿ ಧಡಕ್ಕನೆ ಎದ್ದ. ಕುಮಾರ ಅವನ ಅಂಗಿ ಹಿಡಿದು ಜಗ್ಗಿದ. "ಸುಮ್ಕೆ ಕೂತ್ಕಳ್ಲಾ."

ಸ್ವಾಮಿ ನನ್ನ ಮುಖ ನೋಡಿದ. ನಾನು ಮೇಜು ನೋಡಿದೆ.

ಬ್ಯಾನ್ ಮಾಡಬೇಕು ಅನ್ನುವವರು ಕೈ ಎತ್ತಿ ಎಂದೆ. ಕೈಗಳು ಎದ್ದವು. ಎಣಿಸುತ್ತಾ ಹಿಂದಿನ ಸಾಲಿಗೆ ಬಂದೆ. ಅಲ್ಲೊಂದು ಬಲಗೈ ನೆಟ್ಟಗೆ ನಿಂತಿತ್ತು. ಕುಮಾರನದು.

ಮಧ್ಯಾಹ್ನ ಅಜ್ಜಿಯಿಲ್ಲದ ಟೂರ್ನಮೆಂಟ್ ಶುರುವಾಯಿತು. ಕುಮಾರ ಹೆಸರು ವಾಪಸ್ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಒಬ್ಬ ಪೈಲ್ವಾನನನ್ನು ಆರಿಸಿಕೊಂಡ. ಎದುರಿಗೆ ಚೇತನ; ಟೂರ್ನಮೆಂಟ್ ನಡೆಸುವವನೇ ಆಡುವವನೂ ಹೌದು. ಕುಮಾರ ಬಲಗೈಯಿಂದಲೇ ಓಡಿಸಿದ, ಅದೇ ಕೈಯನ್ನು ಫೋನಿನ ಇನ್ನೊಂದು ಬದಿಗೆ ತಂದು ಹೊಡೆಸಿದ. ಕೈ ಅತ್ತಿಂದಿತ್ತ ಓಡಾಡುವಷ್ಟರಲ್ಲಿ ಪೈಲ್ವಾನ ನಿಂತು ಏಟು ತಿನ್ನುತ್ತಿದ್ದ. ಒಮ್ಮೆ ಫೋನು ಮೇಜಿನಿಂದ ಜಾರಿತು. ಹಿಡಿಯಲು ಎಡಗೈ ಜೇಬಿನಿಂದ ಹೊರಬಂತು. ಹಿಡಿಯಲಾಗಲಿಲ್ಲ.

ಚೇತನ ಆಡುವುದನ್ನು ನಿಲ್ಲಿಸಿಬಿಟ್ಟ.

"ಆಡ್ಲಾ" ಎಂದ ಕುಮಾರ.

ಚೇತನ ಆಡಿದ. ಗೆದ್ದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. "ಅಣ್ಣ, ಮೊದ್ಲೇ ಒಂದು ಮಾತು ಯೋಳ್ಬಾರ್ದಿತ್ತಾ?" ಎಂದ ಚೇತನ.

"ಯೋಳಿದ್ರೆ ಏನ್ ಮಾಡ್ತಿದ್ದೆ? ನನ್ಗೊಬ್ಬಂಗೆ ಅಜ್ಜಿ ಕೊಡ್ತಿದ್ದಾ? ಆಮ್ಯಾಕೆ ಗೆದ್ರೆ, ಪಾಪ ಅಂತ ನಾವೇ ಗೆಲ್ಸುದ್ವಿ ಅಂತಿದ್ರಿ."

ಬಸ್ ಸ್ಟ್ಯಾಂಡಿನವರೆಗೆ ಅವನ ಜೊತೆ ನಡೆದೆ. ನಾಗಮಂಗಲಕ್ಕೆ ಹೋಗಲು ಅವನು ಮೊದಲು ಹತ್ತಬೇಕಿದ್ದ ಪಾಂಡವಪುರದ ಬಸ್ಸು ಬರುವುದು ತಡವಾಯಿತು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಅವನು ಮನೆಯ ವಿಷಯ ಹೇಳಿದ.

ಅಕ್ಕಸಾಲಿ ಕೆಲಸಕ್ಕೆ ಒಂದು ಕೈ ಹಿಡಿಯಬೇಕು, ಒಂದು ಕೈ ಬಡಿಯಬೇಕು. ಬಿದ್ದ ಮೇಲೆ ಇವನ ಕೆಲಸ ನಿಂತಿತು. ಈಗ ಅಪ್ಪ ಒಬ್ಬರೇ ಮಾಡುತ್ತಾರೆ. "ನಾನು ಒಳಿಕ್ಕೆ ಕಾಲಿಟ್ರೆ ಸಾಕು ಸಾರ್, ಅಪ್ಪನ ಸುತ್ಗೆ ಸದ್ದು ನಿಂತೋಯ್ತದೆ. ಏನೋ ಹುಡ್ಕೋರಂಗೆ ಆಡ್ತಾರೆ. ನಾನು ಆಚೀಗೆ ಬಂದ್ ಮ್ಯಾಲೆ ತಿರ್ಗಾ ಸುರು."

ಬಸ್ಸು ಬಂತೇನೋ ಎಂದು ರಸ್ತೆ ನೋಡಿ, ಮತ್ತೆ ಮಾತು ಮುಂದುವರಿಸಿದ.

"ಅವ್ವ ಒಂದ್ಸಲನೂ ಬೈಯಾಕಿಲ್ಲ. ಹೆಂಡ್ತಿನೂ ಬೈಯಾಕಿಲ್ಲ. ಟೂರ್ನಮೆಂಟಲ್ಲಿ ಬೈತಿದ್ರು ಸಾರ್, ಬಾಯ್ತುಂಬ! ಬಂದ್ಬುಟ್ಟ ನೋಡ್ಲಾ ಮುದ್ಕಿ ಮಗ ಅಂತಿದ್ರು. ಅದು ಕೇಳಾಕೇ ಎರಡು ಬಸ್ಸು ಹತ್ಕಂಡು ಬತ್ತಿದ್ದೆ."

ಮತ್ತೆ ಯಾಕಪ್ಪಾ ಬ್ಯಾನ್‌ಗೆ ಕೈ ಎತ್ತಿದೆ ಎಂದೆ.

"ಗೆದ್ದಿದ್ದು ನಾನಲ್ಲ ಅಂದ್ರಲ್ಲ ಸಾರ್. ಓಗ್ಲಿ, ಸೋತಿದ್ದಾರೂ ನಾನೇ ಆಗ್ಲಿ ಅಂತ."

ಬಸ್ಸು ಬಂತು. ಬಾಗಿಲಲ್ಲಿದ್ದ ಒಬ್ಬರು ಅವನ ತೋಳು ಹಿಡಿದು ಮೇಲೆಳೆದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ. ಅವನು ತಿರುಗಿ ನೋಡದೆ ಒಳಗೆ ಹೋದ.

ಮುಂದಿನ ವಾರ ಚೇತನ ಫೋನ್ ಮಾಡಿದ. ಹುಡುಗರೆಲ್ಲ ಸೇರಿ ಬ್ಯಾನ್ ತೆಗೆದಿದ್ದಾರೆ. ಅಜ್ಜಿ ಬೇಕಾದಷ್ಟು ಕೋಲು ಎಸೆಯಲಿ, ಕುಮಾರಣ್ಣ ಬಂದರೆ ಸಾಕು. ಅವರು ನನ್ನ ಫೋನ್ ಎತ್ತುತ್ತಿಲ್ಲ, ನೀವೇ ಹೇಳಿ ಎಂದ. ಕೆಟ್ಟ ಹುಡುಗರಲ್ಲ. ಯಾರೂ ಕೆಟ್ಟವರಲ್ಲದೆ ಇಷ್ಟೆಲ್ಲ ಆಯಿತು ಅನ್ನುವುದೇ ನನಗೆ ಸಂಕಟ.

ಕುಮಾರನಿಗೆ ಫೋನ್ ಮಾಡಿದೆ. ಸಮಾಧಾನವಾಗಿ ಕೇಳಿಸಿಕೊಂಡ.

"ಗೇಮ್ ತೆಗ್ದಾಕ್ಬುಟ್ಟೆ ಸಾರ್. ಈಗ ಅಲ್ಲಿಗೆ ಹೋದ್ರೆ ಚೇರ್ ತಂದಾಕ್ತಾರೆ, ಟೀ ತಂದ್ಕೊಡ್ತಾರೆ. ಯಾರು ಬೈತಾರೆ?"

ಬ್ಯಾನ್ ಹಾಕುವುದಕ್ಕೂ ತೆಗೆಯುವುದಕ್ಕೂ ಕೈ ಎತ್ತಿದರೆ ಸಾಕು. ಕಂಡದ್ದನ್ನು ಕಾಣದ ಹಾಗೆ ಮಾಡಲು ಯಾವ ಸಭೆ ಕರೆಯೋಣ?