ರೈಟರ ಕೊಡೆಯ ಹಾಡು

ಕಾಫಿ ಕೊಯ್ಯುವಾಗ ಸೊಂಟಕ್ಕೆ ಕಟ್ಟುತ್ತಿದ್ದ ಚೀಲಕ್ಕೆ ಏನೋ ಒಂದು ಹೆಸರಿತ್ತು. ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಇರಲಿ, ಚೀಲ ಅಂತಲೇ ಅನ್ನುತ್ತೇನೆ. ಬ್ರಿಟಿಷರ ಕಾಲದಲ್ಲಿ, ತಿತಿಮತಿ ಹತ್ತಿರದ ದೊರೆಯ ತೋಟದಲ್ಲಿ, ನಾನೂ ಅದನ್ನು ಕಟ್ಟಿಕೊಂಡು ಹಣ್ಣು ಕೊಯ್ಯುತ್ತಿದ್ದೆ. ನನ್ನ ಪಕ್ಕದಲ್ಲಿ ಚೋಮಕ್ಕ ಕೈ ನಿಲ್ಲಿಸದೆ ಹಾಡು ಕಟ್ಟುತ್ತಿದ್ದಳು. ಅವಳು ಒಂದು ಸಾಲು ಹೇಳಿದರೆ ನಾವು ಅದನ್ನೇ ತಿರುಗಿ ಹೇಳುತ್ತಿದ್ದೆವು. ಸಂಜೆಯೊಳಗೆ ಅದು ಪಕ್ಕದ ತೋಟ ಮುಟ್ಟಿರುತ್ತಿತ್ತು.

ಒಮ್ಮೆ ನಮ್ಮ ಹಾಜರಿ, ಲೆಕ್ಕ ಬರೆಯುವ ರೈಟರ ತೂತು ಕೊಡೆಯ ಮೇಲೆ ಮೂರು ಸಾಲು ಕಟ್ಟಿದಳು. ಅದು ಅವರ ಕಿವಿಗೇ ಬಿತ್ತು.

“ಕಟ್ಟಿದವಳು ಯಾರು? ಇವತ್ತೇ ಲೈನ್‌ಮನೆ ಖಾಲಿ ಮಾಡಿಸ್ತೇನೆ.”

ಕೂಲಿಗಳಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಆ ಲೈನ್‌ಮನೆ ಬಿಟ್ಟರೆ ಚೋಮಕ್ಕನಿಗೆ ಬೇರೆ ಮನೆಯಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ನಮ್ಮ ಜೊತೆ ಕೊಯ್ಯುತ್ತಿದ್ದ ಕಾಳಿ ಹೇಳಿದಳು, “ಮೊದಲನೇ ಸಾಲು ನಂದು ರೈಟರೇ.”

“ಎರಡನೇದು ನಂದು,” ಎಂದಳು ದೇವಕಿ. ಮೂರನೆಯದನ್ನು ಅವಳ ಅತ್ತೆ ಒಪ್ಪಿಕೊಂಡಳು.

“ನಿಂದು ಯಾವುದು?” ರೈಟರು ನನ್ನತ್ತ ತಿರುಗಿದರು.

ಸಾಲುಗಳೆಲ್ಲ ಮುಗಿದಿದ್ದವು. ನಾನು ಸುಮ್ಮನಿದ್ದರೆ ಮುಂದಿನ ಪ್ರಶ್ನೆ ಚೋಮಕ್ಕನಿಗೆ. ಕಣ್ಣು ಮುಚ್ಚಿ ಹಾಡಿಬಿಟ್ಟೆ: “ಕೊಡೆಯ ತೂತಲಿ ಸೂರ್ಯ ಇಣುಕಿ ಬೋಳು ತಲೆ ಕಂಡು ನಕ್ಕಾನೆ.”

ರೈಟರು ಕೊಡೆಯನ್ನು ಎತ್ತಿ ನೋಡಿ ಮಡಚಿದರು. ನಮ್ಮೆಲ್ಲರನ್ನೂ ಓಡಿಸಿದರೆ ಹಣ್ಣು ಕೊಯ್ಯುವವರು ಯಾರು? “ಕೈ ನಡೀಲಿ,” ಎಂದು ಹೊರಟುಹೋದರು.

“ಮಾತು ಚೆನ್ನಾಗಿದೆ ಕೂಸೇ,” ಎಂದಳು ಚೋಮಕ್ಕ, “ಸೂರ್ಯನನ್ನು ರಾಗದಲ್ಲಿ ಇನ್ನೂ ಸ್ವಲ್ಪ ಎಳಿ.” ಅವಳು ಎಳೆದು ತೋರಿಸಿದ ಮೇಲೇ ಅದು ಹಾಡಾಯಿತು.

ಈ ಬಯಲುಸೀಮೆಯಲ್ಲಿ ಕೂತು ನನಗೆ ನೆನಪಾಗುವುದು ಆ ಒಂದೇ ಸಾಲು. ಬರೆದುಕೋ ಮಗಳೇ, ನಿನ್ನ ಅಜ್ಜಿ ಮರೆಯುವ ಮೊದಲು. ಹಾಡು ಕಟ್ಟಿದ್ದು ಚೋಮಕ್ಕ ಅಂತಲೇ ಹಾಕು. ಈಗ ಯಾವ ರೈಟರೂ ಅವಳನ್ನು ಓಡಿಸಲಾರ.