ಕಲ್ಲಿಗೆ ಸುದ್ದಿ ಹೇಳುತ್ತಿದ್ದವಳು

ಮುಟ್ಟಳ್ಳಿಯ ನಮ್ಮ ಗದ್ದೆಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಅದು ಜಟಗ, ಗದ್ದೆ ಕಾಯುವ ದೇವರು. ಅಮ್ಮ ದಿನಾ ಬೆಳಿಗ್ಗೆ ಹಾಲು ಕರೆದಾದ ಮೇಲೆ ಎರಡು ದಾಸವಾಳ ಕೊಯ್ದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಹೂವಿಡಲು ಎಷ್ಟು ಹೊತ್ತು ಬೇಕು? ಉಳಿದದ್ದೆಲ್ಲ ಸುದ್ದಿ ಹೇಳುವುದಕ್ಕೆ. ಹಸು ಸರಿಯಾಗಿ ಮೇಯುತ್ತಿಲ್ಲ, ಸಸಿ ಹಳದಿಯಾಗಿದೆ, ಭಟ್ಕಳ ಪೇಟೆಯಲ್ಲಿ ತಾನು ಬಸಳೆ ಕೊಡುವ ನವಾಯತ ಮುಸ್ಲಿಮರ ಮನೆಯ ಅಜ್ಜಿಗೆ ಮಂಡಿನೋವು, ಅದನ್ನೂ ಸ್ವಲ್ಪ ನೋಡಬೇಕು. ಸೊಂಟಕ್ಕೆ ಕೈಕೊಟ್ಟು ನಿಂತು, ಬೇಲಿಯಾಚೆಯವರ ಹತ್ತಿರ ಮಾತಾಡುವ ಹಾಗೆಯೇ ಹೇಳುತ್ತಿದ್ದಳು.

ವರ್ಷಕ್ಕೊಮ್ಮೆ ಇಡಗುಂಜಿಗೆ ಹೋದರೂ ಅದೇ ಚಾಳಿ. ಗಣಪತಿಯ ಎದುರು ಅವಳು ಊರಿನ ಸುದ್ದಿ ಶುರುಮಾಡುವಷ್ಟರಲ್ಲಿ ಹಿಂದಿನವರು ತಳ್ಳುತ್ತಿದ್ದರು. ಇವನಿಗೆ ಪುರುಸೊತ್ತಿಲ್ಲ, ನಮ್ಮವನಿಗಾದರೆ ಬೇರೆ ಕೆಲಸವಿಲ್ಲ ಎಂದು ಹೊರಗೆ ಬಂದು ನಗುತ್ತಿದ್ದಳು. ನಮ್ಮ ಮನೆಯ ಅಜ್ಜಿ ತೀರಿಕೊಂಡಾಗ ಸೂತಕವೆಂದು ಅಷ್ಟೂ ದಿನ ಕಲ್ಲಿನ ಹತ್ತಿರ ಹೋಗುವ ಹಾಗಿರಲಿಲ್ಲ. ಹನ್ನೆರಡನೆಯ ದಿನ ಮಿಂದು ಹೋದವಳು ಬಾಕಿಯಿದ್ದದ್ದನ್ನೆಲ್ಲ ಒಟ್ಟಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಪಾಲಿನ ಗಂಜಿ ತಣಿದು ಕೆನೆಗಟ್ಟಿತ್ತು. ಅತ್ತ ಕಣ್ಣು ಕೆಂಪಗಿದ್ದರೂ ಮುಖ ಹಗುರಾಗಿತ್ತು.

ಅವಳ ಮಗಳಾದ ನಾನು ಓದಿದ್ದು ತತ್ವಶಾಸ್ತ್ರ. ಕುಮಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತ, ದೇವರ ಸ್ವರೂಪದ ಬಗ್ಗೆ ಪಿಎಚ್‌ಡಿ ಪ್ರಬಂಧ ಬರೆದೆ. ಒಂದು ಅಧ್ಯಾಯದಲ್ಲಿ ಅಮ್ಮನನ್ನೇ ಉದಾಹರಣೆಯಾಗಿ ಇಟ್ಟಿದ್ದೆ, ಹೆಸರು ಹೇಳದೆ. ಎಲ್ಲವನ್ನೂ ಬಲ್ಲ ದೇವರಿಗೆ ಸುದ್ದಿ ತಿಳಿಸುವ ಭಕ್ತಿಯು ಉಪಾಸನೆಯ ಮೊದಲ ಮೆಟ್ಟಿಲು ಎಂದು ಬರೆದದ್ದಕ್ಕೆ ಮಾರ್ಗದರ್ಶಕರು ಪಕ್ಕದಲ್ಲಿ 'ಚೆನ್ನಾಗಿದೆ' ಎಂದು ಗುರುತು ಹಾಕಿದ್ದರು. ನನ್ನ ಹೆಮ್ಮೆ ಕೇಳಬೇಕೇ? ಪದವಿ ಸಿಕ್ಕ ಮೇಲೆ ಊರಿಗೆ ಹೋದಾಗ, ಅಮ್ಮ ಜಗಲಿಯಲ್ಲಿ ಬಸಳೆಯ ಕಟ್ಟು ಕಟ್ಟುತ್ತಿರುವಾಗ, ಆ ಪುಟವನ್ನು ಅವಳಿಗೇ ಓದಿ ಹೇಳಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಅರ್ಥವಾಗಲಿಲ್ಲ ಎಂದಳು. ನನಗೆ ಅರ್ಥಮಾಡಿಸುವ ಉಮೇದು ಬೇರೆ. ದೇವರಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ, ನಾವು ಹೇಳಿ ತಿಳಿಯುವುದು ಏನೂ ಇಲ್ಲ, ಆ ಮಾತೆಲ್ಲ ನಮ್ಮ ಸಮಾಧಾನಕ್ಕೆ ಅಷ್ಟೇ ಎಂದು ಬಿಡಿಸಿ ಹೇಳಿದೆ.

ಅಮ್ಮ ಬಾಳೆನಾರು ಬಿಗಿದು, ಕಟ್ಟನ್ನು ಪಕ್ಕಕ್ಕಿಟ್ಟಳು.

"ಹಾಂಗಾರೆ ಇಷ್ಟು ವರ್ಷ ಅವ್ನಿಗೆ ಬರೀ ಉಪದ್ರ ಕೊಟ್ಟೆ ಅಲ್ದಾ ಮಗಾ?"

ನಾನು ನಕ್ಕುಬಿಟ್ಟೆ. ಆ ನಗು ಈಗ ನೆನಪಾದರೆ ಮೈ ಉರಿಯುತ್ತದೆ. ಸರಿಯಾದ ಕ್ರಮ ಯಾವುದು, ಅದನ್ನಾದರೂ ಕಲಿಸು ಎಂದಳು. ನಾನು ಖುಷಿಯಿಂದಲೇ ನಾಲ್ಕು ಸಾಲಿನ ಒಂದು ಸಂಸ್ಕೃತ ಶ್ಲೋಕ ಕಲಿಸಿದೆ. ಉಚ್ಚಾರ ತಿದ್ದಿದೆ, ಮತ್ತೆ ಮತ್ತೆ ಹೇಳಿಸಿದೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೂ ಹಟ ಹಿಡಿದು ಕಲಿತಳು.

ಮರುದಿನದಿಂದ ಅಮ್ಮ ಕಲ್ಲಿನೆದುರು ಕೈಜೋಡಿಸಿ, ಕಣ್ಣು ಮುಚ್ಚಿ, ಆ ನಾಲ್ಕು ಸಾಲು ಹೇಳಿ ತಿರುಗಿ ಬರತೊಡಗಿದಳು. ಒಂದು ಅಕ್ಷರ ತಪ್ಪಿದರೆ ಮೊದಲಿನಿಂದ ಹೇಳುತ್ತಿದ್ದಳಂತೆ. ನಮ್ಮ ಅಣ್ಣನ ಹೆಂಡತಿ ಇದನ್ನು ಫೋನಿನಲ್ಲಿ ಹೇಳಿ, ಅಮ್ಮ ಮನೆಯಲ್ಲೂ ಮಾತು ಕಡಿಮೆ ಮಾಡಿದ್ದಾರೆ ಎಂದಳು. ವಯಸ್ಸಾಯಿತಲ್ಲ ಎಂದು ನಾನು ತಳ್ಳಿಹಾಕಿದೆ. ಭಕ್ತಿ ಪಕ್ವವಾದಂತೆ ಮಾತು ಅಡಗುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ನಾನು. ಮಾತು ಅಡಗುವುದಕ್ಕೂ ಬಾಯಿ ಕಟ್ಟುವುದಕ್ಕೂ ಇರುವ ಅಂತರ ನನಗೆ ತಿಳಿದಿರಲಿಲ್ಲ. ಹೀಗೆ ಒಂಬತ್ತು ವರ್ಷ ಹೋಯಿತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಕುಮಟೆಯ ಆಸ್ಪತ್ರೆಯಲ್ಲಿ ನಾನೇ ಪಕ್ಕದಲ್ಲಿದ್ದೆ. ಜ್ವರ ಇಳಿದಾಗಲೆಲ್ಲ ತುಟಿ ಅಲ್ಲಾಡುತ್ತಿತ್ತು. ಕಿವಿಗೊಟ್ಟರೆ ಅದೇ ಶ್ಲೋಕ. ಎರಡನೆಯ ಸಾಲಿಗೆ ಬಂದು ನಿಲ್ಲುತ್ತಿದ್ದಳು, ಮುಂದಿನ ಪದ ಸಿಗುತ್ತಿರಲಿಲ್ಲ. ನನ್ನ ಕೈ ಹಿಡಿದು ತಪ್ಪಾಯಿತೇ ಎಂದು ಕೇಳುತ್ತಿದ್ದಳು. ಪರೀಕ್ಷೆಯಲ್ಲಿ ಉತ್ತರ ಮರೆತವರ ಗಾಬರಿ ಆ ಕಣ್ಣಿನಲ್ಲಿತ್ತು. ಪರೀಕ್ಷಕಳು ನಾನೇ. ನನಗೆ ಅಲ್ಲೇ ನೆಲದೊಳಗೆ ಇಳಿದು ಹೋಗಬೇಕೆನಿಸಿತು.

ಶ್ಲೋಕ ಬೇಡ, ಮೊದಲಿನ ಹಾಗೆ ಮಾತಾಡು, ಸೊಂಟ ನೋಯುತ್ತದೆ ಎಂದಾದರೂ ಅವನಿಗೆ ಹೇಳು ಎಂದು ಬೇಡಿಕೊಂಡೆ. ಅಮ್ಮ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಅವ್ನಿಗೆ ಗೊತ್ತಿದ್ದದ್ದೇ ಮತ್ತೆ ಎಂತ ಹೇಳೂದು? ನಾಚ್ಕೆ ಆಗ್ತದೆ ಮಗಾ."

ಎರಡು ದಿನದ ಮೇಲೆ ಹೋದಳು. ಹೋಗುವಾಗಲೂ ಎರಡನೆಯ ಸಾಲಿನಲ್ಲೇ ನಿಂತಿದ್ದಳು. ಹೊನ್ನಾವರದ ಸೇತುವೆ ದಾಟಿ ಅವಳನ್ನು ಊರಿಗೆ ತರುವಾಗ, ಗಾಡಿಯಲ್ಲಿ ಅವಳ ಕಾಲ ಬಳಿ ಕೂತ ನನಗೆ ಒಂದು ಸಾಲು ಪ್ರಾರ್ಥನೆಯೂ ಬರಲಿಲ್ಲ. ಆತ್ಮ, ಅನುಗ್ರಹ, ಮುಕ್ತಿ, ಎಲ್ಲದರ ವ್ಯಾಖ್ಯೆ ಗೊತ್ತಿತ್ತು.

ಸೂತಕ ಕಳೆದು ಹನ್ನೆರಡನೆಯ ದಿನ ಮಿಂದು ಎರಡು ದಾಸವಾಳ ಕೊಯ್ದುಕೊಂಡು ಕಲ್ಲಿನ ಹತ್ತಿರ ಹೋದೆ. ಕೊಯ್ಲಿಗೆ ಬಂದ ಗದ್ದೆ. ಹೂವಿಟ್ಟು ಕಣ್ಣು ಮುಚ್ಚಿದರೆ ಶ್ಲೋಕವೇ ಬಂತು, ಅದನ್ನು ನುಂಗಿದೆ. ಸೊಂಟಕ್ಕೆ ಕೈಕೊಟ್ಟು ನಿಂತೆ. ನಾಚಿಕೆ ಎಂದರೆ ಏನೆಂದು ಆಗ ತಿಳಿಯಿತು. ಅಮ್ಮ ಹೋದಳು ಎಂದೆ. ಹಸು ಗಬ್ಬವಾಗಿದೆ, ಪೇಟೆಯ ಆ ಅಜ್ಜಿ ಕೋಲೂರಿಕೊಂಡು ಅಮ್ಮನನ್ನು ನೋಡಲು ಬಂದಿದ್ದಳು ಎಂದೂ ಹೇಳಿದೆ. ಒಂಬತ್ತು ವರ್ಷದ ಬಾಕಿಯಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ, ಮಿಕ್ಕ ಸುದ್ದಿಯನ್ನು ಅವಳು ತನ್ನೊಂದಿಗೇ ಒಯ್ದಿದ್ದಳು. ಅವನು ಕೇಳುತ್ತಾನೆಂದು ನಂಬಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ.

"ಅಮ್ಮ ನಿನ್ನ ಹತ್ರ ಬಂದ್ರೆ ಹೇಳು," ಎಂದೆ ಕೊನೆಗೆ. "ಅದು ಉಪದ್ರ ಆಗಿರ್ಲಿಲ್ಲ ಅಂತ ನೀನೇ ಹೇಳು. ನಾನ್ ಹೇಳಿದ್ರೆ ಅವ್ಳು ನಂಬೂದಿಲ್ಲ."

ಮನೆಗೆ ಬಂದಾಗ ಗಂಜಿ ತಣಿದಿತ್ತು.